ಎಡಗೈ ಕತ್ತರಿ ಮತ್ತು ಮೂರು ಯಂತ್ರಗಳ ಗೊಂಚಲು

ಕಳೆದುಹೋದ ವಸ್ತುಗಳ ಇಲಾಖೆಯು ಕಳೆದುಹೋದ ವಸ್ತುಗಳ ಪಟ್ಟಿಯನ್ನೇ ಕಳೆದುಕೊಂಡಿದೆ ಎಂದು ಊರಿನಲ್ಲಿ ಹಬ್ಬಿದ್ದ ಸುದ್ದಿ ಸತ್ಯಕ್ಕೆ ದೂರವಾದದ್ದು. ಪಟ್ಟಿ ಎಲ್ಲಿದೆ ಎಂಬುದು ಇಲಾಖೆಗೆ ಚೆನ್ನಾಗಿ ಗೊತ್ತಿತ್ತು. ಅದು ಕೆಟ್ಟುಹೋದ ಕಂಪ್ಯೂಟರಿನ ಒಳಗಿತ್ತು. ಕಂಪ್ಯೂಟರು ಸ್ಟೋರಿನ ಮೂಲೆಯಲ್ಲಿತ್ತು. ಸ್ಟೋರಿಗೆ ಬೀಗವಿತ್ತು, ಬೀಗದ ಕೈ ಸ್ಟೋರಿನ ಗುಮಾಸ್ತರ ಸೊಂಟದಲ್ಲಿತ್ತು. ಇರುವ ಜಾಗ ಇಷ್ಟು ಖಚಿತವಾಗಿ ತಿಳಿದಿರುವ ವಸ್ತುವನ್ನು ಕಳೆದುಹೋದದ್ದು ಎಂದು ಕರೆಯಲು ಇಲಾಖೆಯ ನಿಯಮಗಳಲ್ಲಿ ಅವಕಾಶವಿಲ್ಲ.

ಪಟ್ಟಿಯನ್ನು ಓದಲು ಮಾತ್ರ ಆಗುತ್ತಿರಲಿಲ್ಲ. ಇದರಿಂದ ಒಂದು ಸಣ್ಣ ತೊಡಕು ಉಂಟಾಯಿತು. ಬಸ್ಸಿನಲ್ಲಿ ಬಿಟ್ಟ ಕೊಡೆಗಳು, ಬೆಂಚಿನ ಮೇಲೆ ಮರೆತ ಕನ್ನಡಕಗಳು, ಒಂಟಿ ಚಪ್ಪಲಿಗಳು, ಯಾರದೋ ಹಲ್ಲಿನ ಸೆಟ್ಟು, ಎಲ್ಲವೂ ತಂತಿ ಜಾಲರಿಯ ಹಿಂದಿನ ಕಪಾಟುಗಳಲ್ಲಿ ಸಾಲಾಗಿ ಕೂತಿದ್ದವು. ಕೇಳಿಕೊಂಡು ಬಂದವರು ಜಾಲರಿಯ ಈಚೆಯಿಂದ ಬೆರಳು ತೋರಿಸಿ "ಅದೇ ನಂದು" ಅನ್ನುತ್ತಿದ್ದರು. ಗುಮಾಸ್ತರು ವಿನಯದಿಂದಲೇ ಉತ್ತರ ಕೊಡುತ್ತಿದ್ದರು: ಪಟ್ಟಿಯಲ್ಲಿ ಇಲ್ಲದ ವಸ್ತು ಕಳೆದುಹೋಗಿಲ್ಲ, ಕಳೆದುಹೋಗದ ವಸ್ತುವನ್ನು ಹಿಂದಿರುಗಿಸುವುದು ಇಲಾಖೆಯ ಕೆಲಸವಲ್ಲ. ಹಲ್ಲಿನ ಸೆಟ್ಟಿನವರು ಈ ಮಾತಿಗೆ ಏನೋ ಹೇಳಿದರು. ಆದರೆ ಹಲ್ಲಿಲ್ಲದ್ದರಿಂದ ಅದು ಯಾರಿಗೂ ಅರ್ಥವಾಗಲಿಲ್ಲ.

ಈ ತೊಡಕನ್ನು ನಿವಾರಿಸಲು ಇಲಾಖೆ ಒಬ್ಬ ತಂತ್ರಜ್ಞೆಯನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡಿತು. 'ಪ್ರಾಯೋಗಿಕ ವಿತರಿತ ಸಂಗ್ರಹಣಾ ಗುಚ್ಛ' ಎಂಬುದನ್ನು ಸ್ಥಾಪಿಸಿ, ಪರೀಕ್ಷಿಸಿ, ವರದಿ ಕೊಡುವುದು ಅವಳ ಕೆಲಸ. ಆ ಹೆಸರನ್ನು ಪೂರ್ತಿ ಹೇಳುವಷ್ಟರಲ್ಲಿ ಟೀ ಆರಿಹೋಗುತ್ತಿದ್ದದ್ದರಿಂದ ಕಚೇರಿಯವರು ಅದನ್ನು ಗೊಂಚಲು ಅಂದರು, ಪರೀಕ್ಷೆ ಮಾಡಲು ಬಂದವಳನ್ನು ಪರೀಕ್ಷೆಯಮ್ಮ ಅಂದರು. ಗೊಂಚಲು ಪರೀಕ್ಷೆಯಲ್ಲಿ ಪಾಸಾದ ಹೊರತು ಹೊಸ ಪಟ್ಟಿಯಲ್ಲಿ ಒಂದು ಗುಂಡಿಯನ್ನೂ ದಾಖಲಿಸತಕ್ಕದ್ದಲ್ಲ ಎಂದು ಮೊದಲ ದಿನವೇ ಆದೇಶವಾಯಿತು.

ಪರೀಕ್ಷೆಯಮ್ಮ ಈ ಕೆಲಸಕ್ಕೆ ಅರ್ಜಿ ಹಾಕಿದ್ದಕ್ಕೆ ಸಂಬಳವೊಂದೇ ಕಾರಣವಲ್ಲ. ಆ ಜಾಲರಿಯ ಹಿಂದೆ ಎಲ್ಲೋ ಅವಳ ಅತ್ತೆಯ ಕತ್ತರಿ ಇತ್ತು.

ಅತ್ತೆ ದರ್ಜಿ, ಹುಟ್ಟಾ ಎಡಚಿ. ಎಡಗೈಯವರಿಗೆಂದೇ ಅಲಗುಗಳನ್ನು ತಿರುವುಮುರುವಾಗಿ ಕೂಡಿಸಿ ಮಾಡಿದ ಕತ್ತರಿ ಅದು. ಹಿಡಿಗೆ ನೀಲಿ ಬಟ್ಟೆಯ ಚಿಂದಿ ಸುತ್ತಿ ದಾರ ಕಟ್ಟಿತ್ತು. ಮಾಡಿಕೊಟ್ಟ ಕಮ್ಮಾರ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಅಂಥದ್ದನ್ನು ಮಾಡುವವರು ಈಗ ಇಲ್ಲ. ಗುಂಡಿ ತರಲು ಹೋದ ಒಂದು ದಿನ ಅತ್ತೆ ಅದನ್ನು ಚೀಲದ ಸಮೇತ ಬಸ್ಸಿನ ಸೀಟಿನ ಮೇಲೆ ಬಿಟ್ಟು ಇಳಿದರು. ಇಲಾಖೆಗೆ ಓಡಿ ಬಂದು ಬರೆಸಿದರು. "ಸಿಕ್ಕಿದೆಯಮ್ಮ, ನಾಳೆ ಬನ್ನಿ" ಅಂದರು ಅಲ್ಲಿಯವರು. ಮರುದಿನ ಬೆಳಿಗ್ಗೆ ಕಂಪ್ಯೂಟರು ಕೆಟ್ಟಿತು.

ಅಂದಿನಿಂದ ಅತ್ತೆ ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಒದ್ದಾಡುತ್ತಿದ್ದರು. ಬಟ್ಟೆ ಕತ್ತರಿಸುವ ಬದಲು ಅಲಗಿನ ನಡುವೆ ಮಡಚಿಕೊಳ್ಳುತ್ತಿತ್ತು. ಕಾಲರುಗಳು ವಾಲತೊಡಗಿದವು. ಶಾಲಾ ಸಮವಸ್ತ್ರದ ಅಂಗಡಿಯವನು, ಮಕ್ಕಳೆಲ್ಲ ಒಂದೇ ಕಡೆಗೆ ತಲೆ ಓರೆ ಮಾಡಿ ನಿಂತ ಹಾಗೆ ಕಾಣುತ್ತಾರೆ ಎಂದು ದೂರು ಹೇಳಿ, ಬೇರೆ ದರ್ಜಿಯನ್ನು ವಿಚಾರಿಸುತ್ತಿದ್ದೇನೆ ಎಂದೂ ಸೇರಿಸಿ ಹೋಗಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೆರೆಯವರು ಆಡಿಕೊಂಡರು.

"ನೆಲ ಡೊಂಕಾಗಿದ್ರೆ ಹೆಂಗೋ ಕುಣೀಬಹುದು ಕಣೇ," ಅತ್ತೆ ಸೊಸೆಗೆ ಹೇಳಿದರು. "ಕಾಲೇ ಬೇರೆಯವರದ್ದಾದ್ರೆ ಏನು ಮಾಡ್ಲಿ?"

ಅವರು ನಗುತ್ತಲೇ ಹೇಳಿದರು, ಆದರೆ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗೊಂಚಲಿನ ಪರೀಕ್ಷೆ ಎಷ್ಟರ ಕೆಲಸ? ಮೂರು ಯಂತ್ರ ಜೋಡಿಸುವುದು, ಒಂದರ ಪ್ಲಗ್ ಕೀಳುವುದು, ಪಟ್ಟಿ ಉಳಿದಿದೆಯೇ ನೋಡುವುದು. "ಒಂದು ವಾರ ತಡ್ಕೊಳ್ಳಿ ಅತ್ತೆ," ಅಂದಳು. ಇಲಾಖೆಯಲ್ಲಿ ಕೆಲಸ ಮಾಡಿ ಅಭ್ಯಾಸವಿಲ್ಲದವರು ಹೀಗೆ ಮಾತು ಕೊಡುತ್ತಾರೆ.

ನಿರ್ದೇಶಕರು ಸಭೆ ಕರೆದು ಗೊಂಚಲಿನ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದರು.

"ಒಂದೇ ಪಟ್ಟಿ ಮೂರು ಯಂತ್ರದಲ್ಲಿ ಯಾಕಮ್ಮ?"

"ಒಂದು ಕೆಟ್ರೂ ಇನ್ನೆರಡರಲ್ಲಿ ಇರುತ್ತೆ ಸಾರ್. ಮನೆ ಬೀಗದ ಕೈ ಇನ್ನೊಂದು ಪಕ್ಕದ ಮನೇಲಿ ಕೊಟ್ಟಿರ್ತೀವಲ್ಲ, ಹಾಗೆ."

"ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ," ಎಂದು ನಿರ್ದೇಶಕರು ತಲೆದೂಗಿದರು. ಅವರಿಗೆ ಒಬ್ಬನೇ ಮಗ.

ಸ್ಟೋರಿನ ಗುಮಾಸ್ತರು ಕೈ ಎತ್ತಿದರು. "ಒಂದು ಯಂತ್ರ ಕೆಲಸ ಮಾಡ್ತಿರುವಾಗ ಇನ್ನೆರಡು ಏನು ಮಾಡ್ತಿರ್ತವೆ?"

"ಅವೂ ಅದೇ ಕೆಲಸ ಮಾಡ್ತಿರ್ತವೆ."

"ಒಂದೇ ಕೆಲಸಾನ ಮೂರು ಜನ?" ಗುಮಾಸ್ತರ ಮುಖ ಅರಳಿತು. "ನಮ್ಮ ಇಲಾಖೆಗೆ ಹೊಂದಿಕೊಳ್ಳುತ್ತೆ ಸಾರ್."

"ಹೊಸದೇನಾದ್ರೂ ಬರೀಬೇಕಾದ್ರೆ ಮೂರರಲ್ಲಿ ಎರಡಾದ್ರೂ ಒಪ್ಪಬೇಕು," ಪರೀಕ್ಷೆಯಮ್ಮ ಮುಂದುವರಿಸಿದಳು.

"ಒಪ್ಪದಿದ್ರೆ?"

"ಒಪ್ಪೋ ತನಕ ಏನೂ ಬರೆಯದೆ ಕಾಯ್ತವೆ."

ನಿರ್ದೇಶಕರು ಕುರ್ಚಿಯನ್ನು ಪರೀಕ್ಷೆಯಮ್ಮನ ಕಡೆಗೆ ಎಳೆದುಕೊಂಡರು. ಆಮೇಲೆ, "ಇಂಥಾ ಯಂತ್ರಗಳು ಇಷ್ಟು ವರ್ಷ ಎಲ್ಲಿದ್ವಮ್ಮ?" ಎಂದು ಮೆಲ್ಲಗೆ ಕೇಳಿದರು.

ಯಂತ್ರಗಳನ್ನು ಎಲ್ಲಿಡಬೇಕು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಬಂತು. ಮೂರೂ ಬೇರೆ ಬೇರೆ ಕೋಣೆಯಲ್ಲಿ ಇರಬೇಕೆಂದು ಪರೀಕ್ಷೆಯಮ್ಮ ಪಟ್ಟು ಹಿಡಿದಳು. ಮಂಜೂರಾತಿಯಲ್ಲಿ 'ಗೊಂಚಲು, ಒಂದು' ಎಂದಿದೆ, ಆದ್ದರಿಂದ ಒಂದೇ ಕೋಣೆ ಎಂದು ಗುಮಾಸ್ತರು ವಾದಿಸಿದರು.

"ದ್ರಾಕ್ಷಿ ಗೊಂಚಲು ತಂದ್ರೆ ಹಣ್ಣು ಬಿಡಿಸಿ ಮೂರು ಕೋಣೇಲಿ ಇಡ್ತೀವಾ?"

"ಒಂದೇ ಕಡೆ ಇಟ್ರೆ ಫ್ಯೂಸ್ ಹೋದಾಗ ಮೂರೂ ಹೋಗ್ತವೆ."

"ಹೋದ್ರೆ ಒಟ್ಟಿಗೆ ಹೋಗ್ತವೆ. ಬರ್ಕೊಳ್ಳೋದು ಸುಲಭ."

ಕೊನೆಗೆ ನಿರ್ದೇಶಕರು ಔದಾರ್ಯ ತೋರಿದರು. ಒಂದನೆಯ ಯಂತ್ರ ಜಾಲರಿಯ ಪಕ್ಕದ ಕೌಂಟರಿನಲ್ಲಿ, ಮೂರನೆಯದು ಟೈಪಿಸ್ಟರ ಕೋಣೆಯಲ್ಲಿ, ಎರಡನೆಯದು ಸ್ವತಃ ತಮ್ಮ ಒಳಕೋಣೆಯಲ್ಲಿ. ಈ ಒಳಕೋಣೆ ಇಲಾಖೆಯ ಗಂಭೀರ ಚಿಂತನೆಗೆ ಮೀಸಲಾದದ್ದು. ಅಲ್ಲಿ ಒಂದು ಸೋಫಾ, ಬಾಗಿಲಿಗೆ ಒಂದು ಪರದೆ, ಗೋಡೆಯಲ್ಲಿ ಒಂದೇ ಒಂದು ಪ್ಲಗ್ ಪಾಯಿಂಟು ಇತ್ತು.

ಮೂರು ಯಂತ್ರಗಳೂ ಬಂದು, ವೈರುಗಳು ಗೋಡೆ ಹಿಡಿದು ಹರಿದು, ಕೌಂಟರಿನ ಯಂತ್ರದ ಪರದೆಯ ಮೇಲೆ ಯಂತ್ರಕ್ಕೊಂದರಂತೆ ಮೂರು ಹಸಿರು ಚುಕ್ಕೆಗಳು ಮೂಡಿದವು. ಪರೀಕ್ಷೆಯಮ್ಮ ಗೊಂಚಲಿಗೆ ನುಂಗಲು ಏನಾದರೂ ಬೇಕಲ್ಲ ಎಂದು ಕಾಲ್ಪನಿಕ ಕೊಡೆಗಳ ಒಂದು ಉದ್ದನೆಯ ಪಟ್ಟಿ ತಯಾರಿಸಿ ತುಂಬಿದಳು: ಕಪ್ಪು ಕೊಡೆ, ಹಿಡಿ ಮುರಿದ ಕೊಡೆ, ಹೂವಿನ ಚಿತ್ರದ ಕೊಡೆ. ಇನ್ನು ಪ್ಲಗ್ ಕೀಳುವುದೊಂದೇ ಬಾಕಿ.

ಅಷ್ಟರಲ್ಲಿ ಉದ್ಘಾಟನೆ ನಿಶ್ಚಯವಾಯಿತು. ಮೂರು ಕೋಣೆಗಳಿಗೂ ದಾರಿಯಾದ ಹಜಾರದ ಬಾಗಿಲಿಗೆ ಎದೆಯ ಎತ್ತರದಲ್ಲಿ ಕೆಂಪು ರಿಬ್ಬನ್ ಬಿಗಿದರು. ಕುರ್ಚಿಗಳು ಬಂದವು, ಫೋಟೋದವನು ಬಂದ, ನಿರ್ದೇಶಕರು ಹೊಸ ಬೂಟು ಹಾಕಿಕೊಂಡು ಬಂದರು. ಕತ್ತರಿ ಬರಲಿಲ್ಲ. ಅದನ್ನು ತರಿಸಲು ಯಾರಿಗೂ ಹೇಳಿರಲಿಲ್ಲ. ಗುಮಾಸ್ತರು ಎದೆಗುಂದದೆ ಜಾಲರಿಯ ಬೀಗ ತೆಗೆದು, ಕಪಾಟಿನಲ್ಲಿ ತಡಕಾಡಿ, ಒಂದು ಕತ್ತರಿಯನ್ನು ತಟ್ಟೆಯಲ್ಲಿಟ್ಟು ತಂದರು. ಹಿಡಿಗೆ ನೀಲಿ ಬಟ್ಟೆಯ ಚಿಂದಿ ಸುತ್ತಿತ್ತು.

ಪರೀಕ್ಷೆಯಮ್ಮ ತಟ್ಟೆಗೆ ಅಡ್ಡ ಬಂದಳು. "ಸಾರ್, ಅದು ನಮ್ಮತ್ತೆ ಕತ್ತರಿ."

ನಿರ್ದೇಶಕರು ಗುಮಾಸ್ತರ ಕಡೆ ನೋಡಿದರು. "ಪಟ್ಟಿಯಲ್ಲಿದೆಯಾ?"

"ಪಟ್ಟಿ ಓದಕ್ಕಾಗಲ್ಲ ಸಾರ್."

"ಹಾಗಾದ್ರೆ ಆ ಕತ್ತರಿ ಇಲ್ಲಿಲ್ಲಮ್ಮ," ಎಂದು ನಿರ್ದೇಶಕರು ಸಮಾಧಾನ ಹೇಳಿ, ಅದನ್ನು ಬಲಗೈಗೆ ಎತ್ತಿಕೊಂಡು ರಿಬ್ಬನ್ನಿಗೆ ಹಚ್ಚಿದರು.

ರಿಬ್ಬನ್ ತುಂಡಾಗಲಿಲ್ಲ, ಅಲಗುಗಳ ನಡುವೆ ಅಚ್ಚುಕಟ್ಟಾಗಿ ಮಡಚಿಕೊಂಡಿತು. ಕತ್ತರಿ ಮುಚ್ಚಿದ ಕೂಡಲೇ ಚಪ್ಪಾಳೆ ಎಂದು ಸಿಬ್ಬಂದಿಗೆ ಮೊದಲೇ ಸೂಚನೆ ಹೋಗಿತ್ತು. ಆದ್ದರಿಂದ ಎಲ್ಲರೂ ತಟ್ಟಿದರು. ನಿರ್ದೇಶಕರು ಇನ್ನೊಮ್ಮೆ ಪ್ರಯತ್ನಿಸಿದರು, ಇನ್ನೊಮ್ಮೆ ಚಪ್ಪಾಳೆಯಾಯಿತು. ಹೀಗೆ ಎಷ್ಟು ಸಲವೋ ಆಯಿತು. ಫೋಟೋದವನ ಕೈ ಸೋತಿತು.

"ಎಡಗೈಲಿ ಹಿಡಿದ್ರೆ ಕತ್ತರಿಸುತ್ತೆ ಸಾರ್," ಎಂದಳು ಪರೀಕ್ಷೆಯಮ್ಮ.

"ನಾನು ಸಹಿ ಹಾಕೋದು ಬಲಗೈಲಿ," ನಿರ್ದೇಶಕರು ಬೆವರು ಒರೆಸಿಕೊಂಡರು. "ಎಡಗೈಲಿ ಉದ್ಘಾಟನೆ ಮಾಡಿದ್ರೆ ಮಾಡಿದ್ದು ನಾನೇ ಅನ್ನೋದಕ್ಕೆ ಆಧಾರ ಏನು?"

ಬೇರೆ ಕತ್ತರಿ ತರಬಹುದಿತ್ತು. ಆದರೆ ಒಂದು ಕತ್ತರಿಯಿಂದ ಆರಂಭವಾದ ಉದ್ಘಾಟನೆಯನ್ನು ಇನ್ನೊಂದರಿಂದ ಮುಗಿಸಿದರೆ ಎರಡು ಅರ್ಧ ಉದ್ಘಾಟನೆಗಳಾಗುತ್ತವೆಯೇ ಹೊರತು ಒಂದು ಪೂರ್ತಿ ಆಗುವುದಿಲ್ಲ ಎಂದು ಹಿರಿಯರೊಬ್ಬರು ನೆನಪಿಸಿದರು. ಸಂಜೆಯೊಳಗೆ ಗೋಡೆಗೆ ಪ್ರಕಟಣೆ ಅಂಟಿತು:

'ಗುಚ್ಛದ ಉದ್ಘಾಟನೆಯು ಭಾಗಶಃ ವಿಜೃಂಭಣೆಯಿಂದ ನೆರವೇರಿರುತ್ತದೆ. ರಿಬ್ಬನ್ನು ಮುಂದಿನ ಆದೇಶದವರೆಗೆ ಇದ್ದಲ್ಲಿಯೇ ಇರತಕ್ಕದ್ದು. ಹಜಾರದಲ್ಲಿ ಓಡಾಡುವವರು ಅದಕ್ಕೆ ತಾಗದಂತೆ ಬಗ್ಗಿ ನಡೆಯತಕ್ಕದ್ದು. ಸದರಿ ಕತ್ತರಿಯನ್ನು ಉದ್ಘಾಟನಾ ಕತ್ತರಿಯೆಂದು ಪರಿಗಣಿಸಿ, ಅದರ ಕರ್ತವ್ಯ ಪೂರ್ಣಗೊಳ್ಳುವವರೆಗೆ ಕಾಯ್ದಿರಿಸತಕ್ಕದ್ದು.'

ಮರುದಿನದಿಂದ ಎಲ್ಲರೂ ಬಗ್ಗಿ ನಡೆದರು. ಟೀ ತರುವವರು ತಟ್ಟೆ ಚೆಲ್ಲದಂತೆ ಬಗ್ಗುವುದನ್ನು ಕಲಿತರು. ಟೈಪಿಸ್ಟರ ಹಳೆಯ ಸೊಂಟನೋವು ಈ ವ್ಯಾಯಾಮದಿಂದ ಹೊರಟೇಹೋಯಿತು. ಸಾರ್ವಜನಿಕರು ಬಾಗಿಲಲ್ಲಿ ಬಗ್ಗುವಾಗ ಕೌಂಟರಿನಲ್ಲಿದ್ದವರಿಗೆ ಅದು ನಮಸ್ಕಾರದಂತೆ ಕಾಣುತ್ತಿತ್ತು, ಅವರೂ ತಿರುಗಿ ನಮಸ್ಕರಿಸುತ್ತಿದ್ದರು. ಇಲಾಖೆಯ ಸೌಜನ್ಯ ಹೆಚ್ಚಿದೆ ಎಂದು ಊರಿನಲ್ಲಿ ಒಳ್ಳೆಯ ಮಾತು ಕೇಳಿಬಂತು.

ಮನೆಯಲ್ಲಿ ಅತ್ತೆ ಸುದ್ದಿ ಕೇಳಿ ಹೊಲಿಗೆ ನಿಲ್ಲಿಸಿದರು. "ಕಣ್ಣಾರೆ ಕಂಡ್ಯಾ?"

"ಕಂಡೆ ಅತ್ತೆ. ಚಿಂದಿ ಕೂಡ ಹಾಗೇ ಇದೆ."

"ತುಕ್ಕು?"

"ಇಲ್ಲ."

ಅತ್ತೆಯ ಕಣ್ಣು ತೇವವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅವರು ಗೋಳಾಡಲಿಲ್ಲ. "ಆ ಮನುಷ್ಯ ಬಲಗೈಲಿ ಕತ್ತರಿಸಿದ್ನಾ?" ಎಂದು ಇನ್ನೊಮ್ಮೆ ಕೇಳಿ, ಬಾಯಿಗೆ ಸೆರಗು ಅಡ್ಡ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಮತ್ತೆ ಕೆಲಸಕ್ಕೆ ಕೂತರು. ಆ ಬಟ್ಟೆ ಸುತ್ತುವುದನ್ನು ನೋಡಲಾರದೆ ಸೊಸೆ ಒಳಗೆ ಹೋದಳು.

ಬೆಳಿಗ್ಗೆ ಅವಳು ನೇರ ನಿರ್ದೇಶಕರ ಮುಂದೆ ನಿಂತಳು. "ಸಾರ್, ಒಂದು ಪ್ಲಗ್ ಕೀಳಕ್ಕೆ ಅಪ್ಪಣೆ ಕೊಡಿ. ಒಂದೇ ಒಂದು."

"ಯಾಕೆ?"

"ಒಂದು ಯಂತ್ರ ನಿಂತ್ರೂ ಪಟ್ಟಿ ಉಳಿಯುತ್ತೆ ಅಂತ ತೋರಿಸ್ಬೇಕಲ್ಲ. ಅದೇ ಪರೀಕ್ಷೆ."

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ಗೊಂಚಲು ಉದ್ಘಾಟನೆ ಆಗಿದೆ ಅಂತ ಇಟ್ಕೊ. ಆಗ ಉದ್ಘಾಟನೆ ಆದದ್ದನ್ನ ನಿಲ್ಸೋದು ಅದನ್ನ ಉದ್ಘಾಟಿಸಿದವರಿಗೆ ಅವಮಾನ. ಅಂದ್ರೆ ನನಗೆ. ಆಗಿಲ್ಲ ಅಂತ ಇಟ್ಕೊ. ಶುರುವೇ ಆಗದ್ದನ್ನ ನಿಲ್ಸೋದು ಹೆಂಗೆ?"

"ಮತ್ತೆ ಪರೀಕ್ಷೆ, ಸಾರ್?"

"ಮಾಡು. ಬೇಡ ಅಂದೋರ್ಯಾರು? ಯಂತ್ರ ತಾನಾಗೇ ಕೆಟ್ರೆ ಅದು ದುರಸ್ತಿ ವಿಷಯ, ಅದಕ್ಕೆ ನಿಯಮ ಇದೆ. ಬೇಕೂಂತ ನಿಲ್ಸಿದ್ರೆ ಅದು ಅಪರಾಧ, ಅದಕ್ಕೂ ನಿಯಮ ಇದೆ. ತಾನಾಗೇ ಕೆಡೋ ತನಕ ಕಾಯಿ."

"ಹೊಸ ಯಂತ್ರಗಳು ಸಾರ್. ವರ್ಷಗಟ್ಟಲೆ ಕೆಡಲ್ಲ."

"ಅಷ್ಟೊಂದು ಅವಿಶ್ವಾಸ ಒಳ್ಳೇದಲ್ಲ," ಎಂದರು ನಿರ್ದೇಶಕರು.

ಹುಚ್ಚು ಬಿಡುವ ತನಕ ಮದುವೆಯಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎನ್ನುತ್ತಾರಲ್ಲ, ಪರೀಕ್ಷೆಯಮ್ಮನ ಸ್ಥಿತಿ ಅದಕ್ಕಿಂತ ಒಂದು ಕೋಣೆ ಹೆಚ್ಚು ಆಳಕ್ಕೆ ಹೋಗಿತ್ತು. ಪ್ಲಗ್ ಕೀಳದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಪಟ್ಟಿಯಿಲ್ಲ, ಪಟ್ಟಿಯಿಲ್ಲದೆ ಕತ್ತರಿಯಿಲ್ಲ. ಆ ಕತ್ತರಿ ಸರಿಯಾದ ಕೈಗೆ ಹೋಗದೆ ರಿಬ್ಬನ್ ತುಂಡಾಗುವಂತಿಲ್ಲ. ಗುಟ್ಟಾಗಿ ಪ್ಲಗ್ ಕಿತ್ತುಬಿಡೋಣ ಎಂದು ಅವಳಿಗೆ ಅನ್ನಿಸದೇ ಇರಲಿಲ್ಲ. ಆದರೆ ಇಲಾಖೆ ಅವಳಿಗಿಂತ ಒಂದು ಹೆಜ್ಜೆ ಮುಂದಿತ್ತು. ಯಂತ್ರಗಳು ಸ್ವಇಚ್ಛೆಯಿಂದ ಕೆಡುವ ಕ್ಷಣವನ್ನು ಕಾಣಲು 'ವೈಫಲ್ಯ ವೀಕ್ಷಣಾ ಸಮಿತಿ' ರಚನೆಯಾಗಿತ್ತು. ಸ್ಟೋರಿನ ಗುಮಾಸ್ತರೇ ಅಧ್ಯಕ್ಷರು.

ಸಮಿತಿಯು ತುಂಬ ನಿಷ್ಠೆಯಿಂದ ಕೆಲಸ ಮಾಡಿತು. ಕಚೇರಿ ತೆರೆದ ಕೂಡಲೇ ಸದಸ್ಯರು ಕೌಂಟರಿನ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ಮೂರು ಹಸಿರು ಚುಕ್ಕೆಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಏಳುತ್ತಿದ್ದರು. ಊಟ ಮುಗಿಸಿ, ಸ್ವಲ್ಪ ಅಡ್ಡಾಡಿ, ಮೂರು ಗಂಟೆಗೆ ಮರಳಿ ಕೂತು ಸಂಜೆಯವರೆಗೆ ನೋಡುತ್ತಿದ್ದರು. 'ವೈಫಲ್ಯದಲ್ಲಿ ಯಾವುದೇ ಪ್ರಗತಿ ಕಂಡುಬಂದಿಲ್ಲ' ಎಂದು ದಿನವೂ ವರದಿ ಹೋಗುತ್ತಿತ್ತು. ಗುಮಾಸ್ತರು ಯಂತ್ರಗಳಿಗೆ ಪ್ರೋತ್ಸಾಹದ ಮಾತನ್ನೂ ಹೇಳಿ ನೋಡಿದರು. ಸರ್ಕಾರಿ ಕಚೇರಿಗೆ ಬಂದು ಇಷ್ಟು ದಿನ ಕೆಡದೆ ನಿಂತ ಯಂತ್ರವನ್ನು ತಮ್ಮ ಸೇವಾವಧಿಯಲ್ಲೇ ಕಂಡಿಲ್ಲ ಎಂದು ಅವರಿಗೆ ಬೇಸರವಾಗಿತ್ತು.

ಇತ್ತ ಸಮವಸ್ತ್ರದ ಅಂಗಡಿಯವನು ಅರ್ಧ ಬಟ್ಟೆಯನ್ನು ಇನ್ನೊಬ್ಬ ದರ್ಜಿಗೆ ಕೊಟ್ಟ. ಉಳಿದರ್ಧವನ್ನೂ ಮುಂದಿನ ಸೋಮವಾರ ಬಂದು ಒಯ್ಯುತ್ತೇನೆಂದ. ಅತ್ತೆ ಅಂದು ರಾತ್ರಿ ಊಟದ ಹೊತ್ತಿನಲ್ಲಿ ತಮಾಷೆ ಮಾಡಲಿಲ್ಲ. "ಬಿಡೇ, ವಯಸ್ಸೂ ಆಯ್ತು. ಹೊಲಿಗೆ ಯಂತ್ರ ಮಾರಿಬಿಡೋಣ," ಅಂದರು. ಆ ಮನೆಯಲ್ಲಿ ಅಷ್ಟು ಸಪ್ಪೆ ಮಾತು ಅದುವರೆಗೆ ಯಾರೂ ಆಡಿರಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆಂದು ಹೊರಗೆ ಹೊರಟ ಪರೀಕ್ಷೆಯಮ್ಮ ಡಬ್ಬಿಯನ್ನು ಕೌಂಟರಿನಲ್ಲೇ ಮರೆತಿದ್ದಳು. ಕಳೆದುಹೋದ ವಸ್ತುಗಳ ಇಲಾಖೆಯಲ್ಲಿ ಏನನ್ನಾದರೂ ಮರೆತರೆ ಅದು ಜಾಲರಿಯ ಆಚೆ ಸೇರಿಬಿಡುವ ಅಪಾಯವಿದ್ದದ್ದರಿಂದ ಅರ್ಧ ದಾರಿಯಿಂದ ಓಡಿ ಬಂದಳು. ಬಾಗಿಲಲ್ಲಿ ಬಗ್ಗಿ ಎದ್ದು ನೋಡಿದರೆ, ಸಮಿತಿಯ ಕುರ್ಚಿಗಳು ಖಾಲಿ, ಪರದೆಯ ಮೇಲೆ ಎರಡು ಚುಕ್ಕೆ ಹಸಿರು, ಒಂದು ಕೆಂಪು. ಎರಡನೆಯ ಯಂತ್ರ ನಿಂತಿತ್ತು.

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಡಬ್ಬಿ ಅಲ್ಲೇ ಬಿಟ್ಟು ಪಟ್ಟಿ ತೆರೆದಳು. ಕಪ್ಪು ಕೊಡೆ ಇತ್ತು. ಹಿಡಿ ಮುರಿದ ಕೊಡೆ ಇತ್ತು. ಹೂವಿನ ಕೊಡೆಯೂ ಇತ್ತು. ಒಂದು ಹೊಸ ಕೊಡೆಯನ್ನು ಸೇರಿಸಿ ನೋಡಿದಳು, ಎರಡು ಯಂತ್ರಗಳೂ ಒಪ್ಪಿ ಅದನ್ನು ಬರೆದುಕೊಂಡವು. ಹಾಗೇ ನಿರ್ದೇಶಕರ ಒಳಕೋಣೆಗೆ ಓಡಿ, ಬಾಗಿಲು ತಟ್ಟುವುದನ್ನೂ ಮರೆತು ಪರದೆ ಸರಿಸಿದಳು.

ನಿರ್ದೇಶಕರು ಸೋಫಾದ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಬೂಟುಗಳು ಪಕ್ಕದಲ್ಲಿದ್ದವು. ಎರಡೂ ಪಾದಗಳು ಕಾಲು ಒತ್ತುವ ಒಂದು ಮಷೀನಿನ ಒಳಗಿದ್ದವು, ಅದು ಗುರುಗುಟ್ಟುತ್ತಿತ್ತು. ಅದರ ವೈರು ಗೋಡೆಯ ಪ್ಲಗ್ ಪಾಯಿಂಟಿನಲ್ಲಿತ್ತು. ಎರಡನೆಯ ಯಂತ್ರದ ಪ್ಲಗ್ ನೆಲದ ಮೇಲೆ ಬಿದ್ದಿತ್ತು.

"ಸಾರ್, ಪ್ಲಗ್ ಕಿತ್ತಿದ್ದೀರಾ?"

ನಿರ್ದೇಶಕರು ಕಣ್ಣು ತೆರೆದರು. "ಯಾರೂ ಕಿತ್ತಿಲ್ಲ. ಅದು ಜಾಗ ಬಿಟ್ಟುಕೊಟ್ಟಿದೆ."

"ಎಷ್ಟು ದಿನದಿಂದ ಬಿಟ್ಟುಕೊಡ್ತಿದೆ ಸಾರ್?"

"ಉದ್ಘಾಟನೆ ಮಾರನೇ ದಿನದಿಂದ," ಎಂದರು ನಿರ್ದೇಶಕರು. ಆ ಹೊಸ ಬೂಟು ಕಚ್ಚಿತ್ತು. ದಿನವೂ ಎರಡಕ್ಕೆ ಕಾಲಿಗೆ ಜಾಗ, ಮೂರಕ್ಕೆ ಯಂತ್ರಕ್ಕೆ ಜಾಗ.

ಪರೀಕ್ಷೆಯಮ್ಮ ಸೋಫಾದ ಇನ್ನೊಂದು ತುದಿಯಲ್ಲಿ ಕೂತುಬಿಟ್ಟಳು. ಅಂದರೆ ಗೊಂಚಲು ಪರೀಕ್ಷೆಯಲ್ಲಿ ದಿನವೂ ಪಾಸಾಗುತ್ತಲೇ ಇತ್ತು. ಮೂರು ಗಂಟೆಗೆ ಎರಡನೆಯ ಯಂತ್ರ ಎದ್ದು, ತಾನಿಲ್ಲದಾಗ ಏನಾಯಿತೆಂದು ಉಳಿದೆರಡನ್ನು ಕೇಳಿ ತಿಳಿದುಕೊಂಡು, ಊಟ ಮುಗಿಸಿ ಬಂದ ಯಾವ ಗುಮಾಸ್ತರಿಗೂ ಕಡಿಮೆಯಿಲ್ಲದಂತೆ ಮುಖ ಮಾಡಿಕೊಂಡು ಕೂರುತ್ತಿತ್ತು. ಅದೇ ಹೊತ್ತಿಗೆ ಸಮಿತಿಯೂ ಬಂದು ಕೂರುತ್ತಿತ್ತು.

"ವರದೀಲಿ ಇದನ್ನ ಬರೀತೀಯಾ?" ನಿರ್ದೇಶಕರ ಧ್ವನಿ ಸಣ್ಣದಾಗಿತ್ತು. ಬೇಕೆಂದೇ ಯಂತ್ರ ನಿಲ್ಲಿಸುವುದು ಅಪರಾಧವೆಂಬ ನಿಯಮಕ್ಕೆ ಸಹಿ ಹಾಕಿದವರು ಅವರೇ, ಬಲಗೈಯಲ್ಲಿ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ಅತ್ತೆಯ ಬೊಬ್ಬೆಯನ್ನು ನೆನೆದು, ನಿರ್ದೇಶಕರ ಕಾಲನ್ನು ನೋಡಿದಳು. ಅಲ್ಲೂ ಒಂದು ಬೊಬ್ಬೆ ಇತ್ತು. ಅವಳಿಗೆ ನಗು ಬಂತು, ಕೋಪ ಇಳಿದುಹೋಯಿತು.

"ಯಂತ್ರ ನಿಂತಿಲ್ಲ ಸಾರ್," ಎಂದಳು. "ವಿಶ್ರಾಂತಿ ತಗೊಂಡಿದೆ. ವಿಶ್ರಾಂತಿಗೆ ಅಪ್ಪಣೆ ಬೇಕು ಅಂತ ನಿಯಮದಲ್ಲಿ ಇಲ್ಲ."

ನಿರ್ದೇಶಕರು ಮಷೀನಿನಿಂದ ಕಾಲು ತೆಗೆದು ಎದ್ದು ನಿಂತರು. ಇಪ್ಪತ್ತು ವರ್ಷದ ಸೇವೆಯಲ್ಲಿ ತಾವು ಕೇಳಿದ ಅತ್ಯಂತ ಶುದ್ಧವಾದ ವಾಕ್ಯ ಇದು ಎಂದು ಹೇಳಿದರು.

ವರದಿ ಸಮಿತಿಯ ಮುಂದೆ ಬಂತು. ಒಂದು ಯಂತ್ರ ವಿಶ್ರಾಂತಿಯಲ್ಲಿದ್ದಾಗಲೂ ಪಟ್ಟಿ ಉಳಿದಿದೆ, ಆದ್ದರಿಂದ ಗೊಂಚಲು ಪಾಸು. ಗುಮಾಸ್ತರು ಒಂದೇ ಒಂದು ಆಕ್ಷೇಪ ಎತ್ತಿದರು: ಪರೀಕ್ಷೆಯ ಫಲಿತಾಂಶವು ಪರೀಕ್ಷೆಯ ಷರತ್ತುಗಳಿಗೆ ಬದ್ಧ. ನಿರ್ದೇಶಕರ ಪಾದಗಳು ಆ ಹೊತ್ತಿಗೆ ಅಲ್ಲಿ ಇಲ್ಲದಿದ್ದರೆ ಗೊಂಚಲು ಹೇಗೆ ನಡೆಯುತ್ತದೆಂದು ಯಾರೂ ಪರೀಕ್ಷಿಸಿಲ್ಲ. ಆದ್ದರಿಂದ ಎರಡರಿಂದ ಮೂರರವರೆಗೆ ಕಾಲು ಒತ್ತಿಸಿಕೊಳ್ಳುವುದು ನಿರ್ದೇಶಕರ ಕರ್ತವ್ಯವೆಂದು ಆದೇಶವಾಯಿತು. ಅವರು ರಜೆಯಲ್ಲಿದ್ದರೆ ಪ್ರಭಾರ ಅಧಿಕಾರಿಯ ಕಾಲು. ಆ ಹೊತ್ತಿನಲ್ಲಿ ಕೆಂಪು ಚುಕ್ಕೆಯನ್ನು ನೋಡಿ ಎಲ್ಲ ಸರಿಯಿದೆ ಎಂದು ಬರೆಯಲು ಪರೀಕ್ಷೆಯಮ್ಮನ ಹುದ್ದೆಯನ್ನು ಖಾಯಂ ಮಾಡಲಾಯಿತು. ಕಾಲ್ಪನಿಕ ಕೊಡೆಗಳನ್ನು ಪಟ್ಟಿಯಿಂದ ತೆಗೆಯಲು ಅವಳು ಕೇಳಿದಾಗ, ಈ ಇಲಾಖೆ ಇನ್ನು ಮುಂದೆ ಏನನ್ನೂ ಕಳೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಅವುಗಳಿಗೆ ಆಗಲೇ ವಾರಸುದಾರರು ಬರತೊಡಗಿದ್ದರು.

ಹೊಸ ಪಟ್ಟಿ ಶುಕ್ರವಾರ ತೆರೆಯಿತು. ಕಾಲ್ಪನಿಕ ಕೊಡೆಗಳ ಕೆಳಗೆ ಮೊದಲು ದಾಖಲಾದದ್ದು ಕತ್ತರಿ. ಅತ್ತೆ ಒಳ್ಳೆಯ ಸೀರೆ ಉಟ್ಟು, ಕಚೇರಿಗೆ ಬಂದು, ರಿಬ್ಬನ್ನಿನ ಈಚೆಗೇ ನಿಂತರು. ಗುಮಾಸ್ತರು ಕತ್ತರಿಯನ್ನು ತಟ್ಟೆಯಲ್ಲಿ ಹೊತ್ತುಕೊಂಡು ಆಚೆಗೆ ನಿಂತರು.

"ಕೊಡೋದಕ್ಕೆ ನಮ್ಮ ಅಭ್ಯಂತರ ಇಲ್ಲಮ್ಮ. ಆದ್ರೆ ಇದು ಈಗ ಉದ್ಘಾಟನಾ ಕತ್ತರಿ. ಅದರ ಕರ್ತವ್ಯ ಮುಗಿದಿಲ್ಲ. ಅದೂ ಅಲ್ಲದೆ, ಇದು ನಿಮ್ಮದೇ ಅನ್ನೋದಕ್ಕೆ ಏನಾದ್ರೂ ಪುರಾವೆ?"

"ನಿಮ್ಮ ಕೈಲಿ ಕತ್ತರಿಸುತ್ತಾ ಅದು?" ಅತ್ತೆ ಕೇಳಿದರು.

"ಇಲ್ಲ."

"ನಿಮ್ಮ ಸಾಹೇಬ್ರ ಕೈಲಿ?"

"ಅದನ್ನ ಊರೇ ನೋಡಿದೆ."

"ಕೊಡಿ ಇಲ್ಲಿ."

ಅತ್ತೆ ಎಡಗೈ ಚಾಚಿದರು. ಬೆರಳುಗಳು ನೀಲಿ ಚಿಂದಿಯೊಳಗೆ ತಮ್ಮ ಹಳೆಯ ಜಾಗ ಹುಡುಕಿಕೊಂಡವು. ಅವರು ಅಲಗುಗಳನ್ನು ಅಗಲಕ್ಕೆ ತೆರೆದು ರಿಬ್ಬನ್ನಿಗೆ ಹಚ್ಚಿದರು. ಆಮೇಲೆ ಕಚಕ್ ಎಂದು ಒಂದು ಸದ್ದು. ರಿಬ್ಬನ್ನಿನ ಎರಡು ತುದಿಗಳೂ ಬಾಗಿಲ ಎರಡು ಪಕ್ಕಕ್ಕೆ ಜೋತುಬಿದ್ದವು. ಕತ್ತರಿ ಮುಚ್ಚಿದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು. ಒಳಕೋಣೆಯಿಂದ ನಿರ್ದೇಶಕರು ಬರಿಗಾಲಲ್ಲಿ ಬಂದು ಅವರೂ ತಟ್ಟಿದರು.

ಗುಮಾಸ್ತರು ತುಂಡಾದ ರಿಬ್ಬನ್ನನ್ನು ಪರಿಶೀಲಿಸಿದರು. ಉದ್ಘಾಟನೆ ಪೂರ್ತಿಯಾಗಿತ್ತು, ಕತ್ತರಿಯ ಕರ್ತವ್ಯ ಮುಗಿದಿತ್ತು, ಪುರಾವೆಯೂ ಸಿಕ್ಕಿತ್ತು. ಸೋಮವಾರ ಅಂಗಡಿಯವನು ಬಟ್ಟೆ ಒಯ್ಯಲು ಬಂದಾಗ ನೆಟ್ಟಗೆ ನಿಂತ ಕಾಲರುಗಳ ಒಂದು ರಾಶಿಯೇ ಅವನಿಗೆ ಸಿಗುವುದಿತ್ತು. ಅತ್ತೆ ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಒಳಗೆ ಬಂದು ಹೆಬ್ಬೆಟ್ಟು ಒತ್ತುವುದೆಲ್ಲ ಮುಗಿಸಿ, ಸೊಸೆಯ ಕೊಠಡಿ ನೋಡಿ, ಟೀ ಕುಡಿದರು. ಹೊರಡುವಾಗ ಬಾಗಿಲ ಬಳಿ ನಿಂತುಬಿಟ್ಟರು. ಟೈಪಿಸ್ಟರು ಬಗ್ಗಿ ಒಳಗೆ ಬಂದರು. ಟೀಯವರು ತಟ್ಟೆ ಹಿಡಿದು ಬಗ್ಗಿ ಹೊರಗೆ ಹೋದರು. ನಿರ್ದೇಶಕರೂ ಬಗ್ಗಿದರು.

"ರಿಬ್ಬನ್ ಇಲ್ವಲ್ಲ, ಯಾಕೆ ಬಗ್ತೀರಿ?" ಎಂದು ಅತ್ತೆ ಗುಮಾಸ್ತರನ್ನು ಕೇಳಿದರು.

"ಬಗ್ಗಿ ಅಂತ ಆದೇಶ ಇದೆಯಮ್ಮ. ಬಗ್ಗಬೇಡಿ ಅಂತ ಇನ್ನೂ ಬಂದಿಲ್ಲ."

ಅತ್ತೆ ಯೋಚಿಸಿ ನೋಡಿದರು. ಮಾತು ನ್ಯಾಯವಾಗಿಯೇ ಇತ್ತು. ಕತ್ತರಿಯನ್ನು ಎದೆಗೆ ಅವುಚಿಕೊಂಡು, ಇಲ್ಲದ ರಿಬ್ಬನ್ನಿಗೆ ತಲೆ ತಾಗದಂತೆ ಎಚ್ಚರಿಕೆಯಿಂದ ಬಗ್ಗಿ, ಮನೆಗೆ ಹೊರಟರು.